ನಮ್ಮೂರು ಹಾಸನ. ನನ್ನ ಹತ್ತಿರ ಇಟಲಿಯ ಕಲಾವಿದ ಪಿರಾನೇಸಿ ಅವರ ರೋಮ್ ಚಿತ್ರದ ಪ್ರತಿ ಇದೆ. ಇಂಥ ಎಚಿಂಗ್ (ಲೋಹದ ತಗಡಿನಿಂದ ತೆಗೆದ ಅಚ್ಚು) ಚಿತ್ರದಲ್ಲಿ ಬರೀ ಗೆರೆಗಳಿಂದ ಕಲ್ಲಿನ ಕಟ್ಟಡಕ್ಕೆ ಅಷ್ಟು ಆಳ ಹೇಗೆ ಬರುತ್ತದೆ?

ಆ ಆಳ ಬರುವುದು ಆಮ್ಲದಿಂದ. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಚಿತ್ರ ಗೀಚಿ, ಆಮ್ಲದಲ್ಲಿ ಇಡುತ್ತಾರೆ. ಗೀಚಿದ ಕಡೆ ಮಾತ್ರ ಆಮ್ಲ ತಾಮ್ರವನ್ನು ಕೊರೆಯುತ್ತದೆ. ತೆಳುವಾಗಿಯೇ ಇರಬೇಕಾದ ಗೆರೆಗಳನ್ನು ವಾರ್ನಿಶ್‌ನಿಂದ ಮುಚ್ಚಿ, ಉಳಿದವನ್ನು ಮತ್ತೆ ಆಮ್ಲಕ್ಕೆ ಬಿಡುತ್ತಾರೆ. ಕೊನೆಗೆ ತಗಡಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿದಾಗ, ಆಳದ ಗೆರೆ ಜಾಸ್ತಿ ಶಾಯಿ ಹಿಡಿದು ಅಚ್ಚಿನಲ್ಲಿ ಗಾಢ ಕಪ್ಪಾಗುತ್ತದೆ, ಅದೇ ನೆರಳು.

ನೆರಳಿದ್ದರೆ ತಾನೇ ಕಲ್ಲು ಮುಂದೆ ಬರುವುದು? ನೀವು ಹಾಸನದವರಾದ್ದರಿಂದ ಸುಲಭ: ಹಳೇಬೀಡಿನ ಗುಡಿಯ ಹೊರಗೋಡೆಯನ್ನು ಇಳಿಬಿಸಿಲಲ್ಲಿ ನೋಡಿ, ಗೊತ್ತಾಗುತ್ತದೆ.

ನಿಮ್ಮ ಹತ್ತಿರ ಇರುವುದು ಪಿರಾನೇಸಿ (1720–1778) ಅವರ ರೋಮ್ ಚಿತ್ರದ ಪ್ರತಿ ಅಂದಿರಿ. ಅದರಲ್ಲಿ ಮನುಷ್ಯರನ್ನೂ ಗಮನಿಸಿ. ಕಟ್ಟಡ ಭಾರೀ ಕಾಣಲಿ ಅಂತ ಅವರನ್ನು ಬೇಕೆಂದೇ ಪುಟ್ಟದಾಗಿ ಬಿಡಿಸುತ್ತಿದ್ದರು. ಸ್ವಲ್ಪ ಮೋಸವೇ, ಅಲ್ವಾ?