ಇನ್ವರ್ಟರ್ ಎಲ್ಲಿಡ್ತಾರೆ, ಅದನ್ನು ಮೊದಲು ಕೇಳಿ

ಕರೆಂಟ್ ಬೇಕು, ಆದರೆ ಸೋಲಾರ್ ನಮ್ಮ ಪಕ್ಕ ಬೇಡ ಅನ್ನುವುದು ಸ್ವಾರ್ಥ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ನೀವು ಸಿಟ್ಟಾಗಿದ್ದೀರಿ. ನಿಮ್ಮ ಹಿತ್ತಿಲಿಗೆ ಅಂಟಿಕೊಂಡ 40 ಎಕರೆಯಲ್ಲಿ ಪ್ಯಾನೆಲ್ ಬರುತ್ತಿದೆಯಂತೆ. ವಿಕಿರಣ, ಕಣ್ಣು ಕುಕ್ಕುವ ಬೆಳಕು, ಸದ್ದು ಎಲ್ಲ ಅನುಭವಿಸೋರು ನಾವು, ನೀವಲ್ಲ ಅಂತ ಬರೆದಿದ್ದೀರಿ. ಸ್ವಾರ್ಥ ಅಂದದ್ದು ನನ್ನ ತಪ್ಪು. ಆ ಮಾತು ವಾಪಸ್ ತಗೊಂಡಿದ್ದೇನೆ.

ಆದರೆ ನಿಮ್ಮ ಪಟ್ಟಿಯಲ್ಲಿ ಮೊದಲು ಬರುವ ವಿಕಿರಣವನ್ನು ದಯವಿಟ್ಟು ಹೊಡೆದು ಹಾಕಿ. ಪ್ಯಾನೆಲ್‌ನಿಂದ ಎಕ್ಸ್‌ರೇ ಥರದ್ದೇನೂ ಹೊರಡುವುದಿಲ್ಲ. ಸಭೆಯಲ್ಲಿ ಆ ಮಾತೆತ್ತಿದರೆ ಕಂಪನಿಯವರಿಗೆ ಒಳಗೊಳಗೇ ಖುಷಿ. ಅದಕ್ಕೊಂದು ಉತ್ತರ ಕೊಟ್ಟು, ಮಿಕ್ಕಿದ್ದನ್ನೂ ಅದೇ ಗಂಟಿಗೆ ಕಟ್ಟಿ ಮೂಲೆಗೆ ಎಸೆಯುತ್ತಾರೆ. ಬೆಳಕಿನ ದೂರೂ ಅಷ್ಟೇನೂ ಗಟ್ಟಿಯಲ್ಲ. ವಿಮಾನ ನಿಲ್ದಾಣಗಳ ಜಾಗದಲ್ಲೇ ಪ್ಯಾನೆಲ್ ಹಾಕಿದ್ದಾರೆ. ಬೆಳಿಗ್ಗೆ, ಸಂಜೆ ಬಿಸಿಲು ಓರೆಯಾದಾಗ ಸ್ವಲ್ಪ ಹೊಳೆಯಬಹುದು, ಅಷ್ಟೇ.

ಸದ್ದಿನ ವಿಷಯ ಬೇರೆ. ಪ್ಯಾನೆಲ್ ಮೂಕ. ಸದ್ದು ಮಾಡುವುದು ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಲೈನಿಗೆ ಹೊಂದುವ ಹಾಗೆ ಬದಲಿಸುವ ಯಂತ್ರ), ಅದರ ಫ್ಯಾನು, ಟ್ರಾನ್ಸ್‌ಫಾರ್ಮರ್. ಡಬ್ಬದೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಒಂದೇ ಸಮ ಗುಂಯ್ ಅನ್ನುತ್ತಿರುತ್ತದೆ. ಬಿಸಿಲೇರಿದಂತೆ ಜಾಸ್ತಿ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮನೆಯಿಂದ 50 ಮೀಟರ್‌ನಲ್ಲಿರುವ ಇನ್ವರ್ಟರನ್ನು 200 ಮೀಟರ್‌ಗೆ ಸರಿಸಿದರೆ 12 ಡೆಸಿಬೆಲ್ ಕಮ್ಮಿ. 40 ಎಕರೆ ಚೌಕವಾಗಿದ್ದರೆ ಒಂದೊಂದು ಬದಿಯೂ 400 ಮೀಟರ್. ನಡುವೆ ಇಟ್ಟರಾಯ್ತು, ಅಲ್ವಾ? ನಕ್ಷೆ ಕಾಗದದ ಮೇಲಿರುವಾಗ ಇದು ಸುಲಭ. ಕಾಂಕ್ರೀಟ್ ಕಟ್ಟೆ ಎದ್ದ ಮೇಲೆ ಯಾರೂ ಜರುಗಿಸಲ್ಲ.

ನೀವು ಬರೆಯದೇ ಬಿಟ್ಟದ್ದು ನೀರು. ಪ್ಯಾನೆಲ್ ಮೇಲೆ ಬಿದ್ದ ಮಳೆ ಅದರ ಕೆಳ ಅಂಚಿನಿಂದ ಒಂದೇ ಗೆರೆಯಲ್ಲಿ ಸುರಿಯುತ್ತದೆ. ಕೆಳಗೆ ಹುಲ್ಲಿದ್ದರೆ ಇಂಗುತ್ತದೆ. ನೆಲ ಬೋಳಾಗಿದ್ದರೆ ಮಣ್ಣು ಕೊರೆದು ಕೊರಕಲು ಬೀಳುತ್ತದೆ. ನಿಮ್ಮ ಹಿತ್ತಿಲು ತಗ್ಗಿನಲ್ಲಿದೆ ಅಂದಿದ್ದೀರಿ. ಕೆಸರು ಇಳಿದು ಬರುವುದು ನಿಮ್ಮಲ್ಲಿಗೇ. ಕಂಬ ನೆಡುವ ಮೊದಲೇ ಹುಲ್ಲು ಹಿಡಿಸುತ್ತೀರಾ ಅಂತ ಕೇಳಿ. ಪ್ಯಾನೆಲ್ ಬಾಳುವುದು 25–30 ವರ್ಷ. ಆಮೇಲೆ ಕಿತ್ತು ಒಯ್ಯುವ ಖರ್ಚಿಗೆ ಈಗಲೇ ಠೇವಣಿ ಇಡುತ್ತೀರಾ ಅಂತಲೂ ಕೇಳಿ.

ಬೆಳಿಗ್ಗೆ ಎದ್ದರೆ ಕಾಣುತ್ತಿದ್ದ ಹಸಿರು ಹೋಗುತ್ತದೆ ಅಂದಿದ್ದೀರಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಬೇಲಿಗುಂಟ ಗಿಡ ಹಾಕಿಸಬಹುದು. ಅದು ಬೆಳೆಯಲು ವರ್ಷಗಳು ಬೇಕು.

ನಕ್ಷೆ ಕೈಗೆ ಸಿಕ್ಕರೆ ಒಂದು ಪ್ರತಿ ನಮಗೂ ಕಳಿಸಿ. ನಿಮ್ಮ ಮನೆ ಎಲ್ಲಿದೆ ಅಂತ ಪೆನ್ನಿನಲ್ಲಿ ಗುರುತು ಹಾಕಿ.

– ಸಂಪಾದಕ