ಕೆಟ್ಟ ದೀಪಕ್ಕೆ ಸೂರ್ಯ ಹೊಣೆಯೇ?

ಓದುಗರ ಪತ್ರ: ಬಡ ದೇಶಗಳಲ್ಲಿ ಹಂಚಿದ ಸೌರದೀಪಗಳು ಎರಡು ಮೂರು ವರ್ಷಗಳಲ್ಲಿ ಕೆಟ್ಟು ಮೂಲೆ ಸೇರುತ್ತವೆ. ಮುಂದುವರಿದ ದೇಶಗಳು ಕಲ್ಲಿದ್ದಲು ಸುಟ್ಟೇ ಮೇಲೆ ಬಂದವು. ಉಳಿದವರು ಮೊದಲು ಅದೇ ದಾರಿ ಹಿಡಿಯುವುದು ಲೇಸಲ್ಲವೇ?

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಸೂರ್ಯ ಮುಳುಗಿದ ಮೇಲೂ ನಡೆಯಬೇಕಾದ ಕಾರ್ಖಾನೆಗಳಿಗೆ ಬೇರೆ ಏರ್ಪಾಡು ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಇಷ್ಟು ವಿಚಾರಪೂರ್ಣವಾಗಿ ಬರೆಯಬಲ್ಲ ನೀವು, ದೀಪ ಕೆಟ್ಟದ್ದೇಕೆ ಎಂದು ಕೇಳದೆಯೇ ತೀರ್ಪು ಕೊಟ್ಟದ್ದು ನನಗೆ ಸರಿಕಾಣಲಿಲ್ಲ.

ಸೌರಫಲಕ ಸಾಮಾನ್ಯವಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಮೊದಲು ಸೋಲುವುದು ಬ್ಯಾಟರಿ. ಸೀಸ ಮತ್ತು ಆಮ್ಲದ ಬ್ಯಾಟರಿಗೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಟರ್ಮಿನಲ್‌ಗಳ ಮೇಲೆ ಕಟ್ಟುವ ಪುಡಿಯನ್ನು ಒರೆಸಬೇಕು, ಪೂರ್ತಿ ಬರಿದಾಗಲು ಬಿಡಬಾರದು. ಬರಿದಾಗದಂತೆ ಕಾಯಲೆಂದೇ ಇರುವ ಚಾರ್ಜ್ ಕಂಟ್ರೋಲರ್ ರಾತ್ರಿ ದೀಪ ಆರಿಸಿದಾಗ, ಕಾರಣ ತಿಳಿಯದ ಮನೆಯವರು ತಂತಿಯನ್ನು ನೇರವಾಗಿ ಬ್ಯಾಟರಿಗೇ ಜೋಡಿಸಿಕೊಳ್ಳುತ್ತಾರೆ; ಬ್ಯಾಟರಿ ಬೇಗನೆ ಸಾಯುತ್ತದೆ. ಇದೆಲ್ಲ ಕೆಲವೇ ದಿನಗಳಲ್ಲಿ ಕಲಿಸಬಹುದಾದ ವಿದ್ಯೆ. ದೀಪ ಹಂಚಲು ಹಣವಿದ್ದ ಎಷ್ಟೋ ಯೋಜನೆಗಳಲ್ಲಿ ಅದನ್ನು ಕಲಿಸಲು ಹಣವಿರಲಿಲ್ಲ.

ಕಲಿಸಿದ ಕಡೆ ಏನಾಯಿತೆಂದು ನೋಡಿ. 2003ರಲ್ಲಿ ಬಾಂಗ್ಲಾದೇಶ ಆರಂಭಿಸಿದ ಯೋಜನೆಯಲ್ಲಿ ಜನ ಕಂತಿನ ಮೇಲೆ ಸೌರವ್ಯವಸ್ಥೆ ಕೊಂಡರು. ಕಂತು ವಸೂಲು ಮಾಡುತ್ತಿದ್ದ ಸಂಸ್ಥೆಗಳೇ ದುರಸ್ತಿಯ ಹೊಣೆಯನ್ನೂ ಹೊತ್ತಿದ್ದವು. ಗ್ರಿಡ್ಡಿನ ತಂತಿ ತಲುಪದ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹಾಗೆ ಬೆಳಕು ಬಂತು. ನನಗೆ ಇದಕ್ಕಿಂತಲೂ ಪ್ರಿಯವಾದದ್ದು ನೇಪಾಳದ ಉದಾಹರಣೆ: ಬುಟ್ವಲ್ ಪಟ್ಟಣದ ಕಾರ್ಯಾಗಾರಗಳು 1970ರ ದಶಕದಿಂದಲೇ ಬೆಟ್ಟದ ತೊರೆಗಳಿಗೆ ಒಗ್ಗುವ ಕ್ರಾಸ್‌ಫ್ಲೋ ಟರ್ಬೈನುಗಳನ್ನು, ಅಂದರೆ ಹರಿವ ನೀರಿನ ಬಲದಿಂದ ತಿರುಗುವ ಚಕ್ರಗಳನ್ನು, ತಾವೇ ತಯಾರಿಸಿದವು. ಹಗಲು ಧಾನ್ಯ ಬೀಸಿ ಎಣ್ಣೆ ತೆಗೆಯುವ ಗಿರಣಿಯನ್ನು ಓಡಿಸಿದ ಅಂಥ ಟರ್ಬೈನುಗಳಿಗೇ ಸಂಜೆ ಜನರೇಟರ್ ಜೋಡಿಸಿ ದೀಪ ಹೊತ್ತಿಸಿದ ಊರುಗಳಿವೆ.

ಕಲ್ಲಿದ್ದಲಿನಿಂದ ಈ ತೊಡಕುಗಳು ತಪ್ಪುತ್ತವೆಂದು ನೀವು ನಂಬಿದಂತಿದೆ. ಕೆನ್ಯಾದ ತುರ್ಕಾನಾ ಸರೋವರದ ಬಳಿ 365 ಗಾಳಿಯಂತ್ರಗಳು 2017ರಲ್ಲೇ ಸಿದ್ಧವಾಗಿದ್ದರೂ ವಿದ್ಯುತ್ ಸಾಗಿಸುವ ಮಾರ್ಗ ಮುಗಿಯದೆ 2018ರವರೆಗೆ ಸುಮ್ಮನೆ ನಿಂತಿದ್ದವು. ಅಲ್ಲಿ ಕಲ್ಲಿದ್ದಲ ಸ್ಥಾವರ ಕಟ್ಟಿದ್ದರೆ ಅದೂ ಅದೇ ಮಾರ್ಗಕ್ಕಾಗಿ ಕಾಯಬೇಕಾಗುತ್ತಿತ್ತು. ಕಾದ ಮೇಲೆ ಇಂಧನವನ್ನೂ ಕೊಳ್ಳಬೇಕಾಗುತ್ತಿತ್ತು.

ನಿಮ್ಮ ಸಿಟ್ಟು ಹರಿಯಬೇಕಾದ ಕಡೆ ಬೇರೊಂದಿದೆ. ಭಾರತ ತನ್ನ ಸೌರ ಯೋಜನೆಯ ಒಂದು ಭಾಗಕ್ಕೆ ದೇಶದಲ್ಲೇ ತಯಾರಾದ ಸೌರಕೋಶಗಳನ್ನು ಬಳಸಬೇಕೆಂದು ನಿಯಮ ಮಾಡಿದಾಗ, ಅಮೆರಿಕ 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2016ರಲ್ಲಿ ಮೇಲ್ಮನವಿಯಲ್ಲೂ ಭಾರತ ಸೋತಿತು. ಅಮೆರಿಕದ ಹಲವು ರಾಜ್ಯಗಳು ತಮ್ಮಲ್ಲಿ ತಯಾರಾದ ಉಪಕರಣಗಳಿಗೆ ಇಂಥದೇ ಆಸರೆ ಕೊಡುತ್ತಿವೆಯೆಂದು ಭಾರತವೂ ವ್ಯಾಜ್ಯ ಹೂಡಿ 2019ರಲ್ಲಿ ಗೆದ್ದಿತು. ಅಮೆರಿಕ ಮೇಲ್ಮನವಿ ಹಾಕಿತು. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕವೇ ಒಪ್ಪದೆ ಬಂದದ್ದರಿಂದ, ಆ ವರ್ಷದ ಡಿಸೆಂಬರಿನ ಹೊತ್ತಿಗೆ ಮೇಲ್ಮನವಿ ಕೇಳುವ ಪೀಠವೇ ಕೆಲಸ ನಿಲ್ಲಿಸಿತು.