ಭಾರತ ನ್ಯಾಟೋ ಥರದ ಕೂಟಕ್ಕೆ ಯಾಕೆ ಸೇರುವುದಿಲ್ಲ? ಚಳ್ಳಕೆರೆ ಕಡೆಯವನ ಉತ್ತರ

ನೀವು ಕೇಳಿದ್ದು ಹೀಗೆ: "ನ್ಯಾಟೋದಲ್ಲಿ ಒಬ್ಬರ ಮೇಲೆ ಯಾರಾದರೂ ಬಿದ್ದರೆ ಎಲ್ಲರೂ ಓಡಿ ಬರುತ್ತಾರೆ. ಭಾರತವೂ ಅಂಥ ಒಂದು ಮಿಲಿಟರಿ ಕೂಟಕ್ಕೆ ಸೇರಿಬಿಟ್ಟರೆ ಚೀನಾ, ಪಾಕಿಸ್ತಾನದ ಭಯ ಇರುವುದಿಲ್ಲ ಅಲ್ವಾ? ಯಾಕೆ ಸೇರುತ್ತಿಲ್ಲ?"

ನಾನು ಹುಟ್ಟಿದ್ದು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಲ್ಲಿ. ಈಗ ಚಿತ್ರದುರ್ಗದಲ್ಲಿ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. 2025ರ ಮೇ ತಿಂಗಳ ಆಪರೇಷನ್ ಸಿಂಧೂರ್ ಆದಮೇಲೆ ಈ ಪ್ರಶ್ನೆ ತರಗತಿಯಲ್ಲೂ ನನ್ನ ಕಿವಿಗೆ ಬಿದ್ದಿದೆ, ಟೀ ಅಂಗಡಿಯಲ್ಲೂ ಬಿದ್ದಿದೆ. ಇದು ಸುಮ್ನೆ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಸ್ವಲ್ಪ ಉದ್ದವಾದರೂ ಓದಿ.

ಮೊದಲು ಸಣ್ಣ ವಿಷಯ. ಭಾರತ ಬೇಕೆಂದರೂ ನ್ಯಾಟೋಗೆ ಸೇರಲು ಆಗುವುದಿಲ್ಲ. 1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿದ ಒಪ್ಪಂದ ಅದು. ಅದರ 10ನೇ ಕಲಮಿನ ಪ್ರಕಾರ ಹೊಸಬರನ್ನು ಕರೆಯುವುದಾದರೆ ಯೂರೋಪಿನ ದೇಶವನ್ನೇ ಕರೆಯಬೇಕು. 2023ರಲ್ಲಿ ಫಿನ್‌ಲೆಂಡ್, 2024ರಲ್ಲಿ ಸ್ವೀಡನ್ ಸೇರಿ ಈಗ 32 ದೇಶಗಳಾಗಿವೆ. ಕ್ವಾಡ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆ ನಾವು ಅದರಲ್ಲಿ ಕೂತು ಮಾತಾಡುತ್ತೇವೆ. ಆದರೆ ಒಬ್ಬರಿಗಾಗಿ ಇನ್ನೊಬ್ಬರು ಯುದ್ಧಕ್ಕೆ ಬರಬೇಕು ಎಂಬ ಮಾತು ಅದರಲ್ಲಿ ಇಲ್ಲ.

ಸರಿ, ನ್ಯಾಟೋ ಬೇಡ, ಅಂಥದ್ದೇ ಇನ್ನೊಂದು ಕೂಟ ಕಟ್ಟಿಕೊಂಡರೆ? ಇಲ್ಲಿಂದಲೇ ನಿಜವಾದ ವಿಷಯ ಶುರು.

ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವುದು ನಿಮಗೂ ಗೊತ್ತಿರಬಹುದು. ಇವತ್ತು ನಾನು ನಿಮ್ಮ ಶೇಂಗಾ ಕೀಳಲು ಬರುತ್ತೇನೆ, ನಾಳೆ ನೀವು ನನ್ನ ಹೊಲಕ್ಕೆ ಬರಬೇಕು. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಪಕ್ಕಾ ಇರುತ್ತದೆ. ಮಿಲಿಟರಿ ಕೂಟ ಅಂದರೆ ದೇಶಗಳ ಮುಯ್ಯಿ. ಸೇರುವಾಗ ಎಲ್ಲರೂ ತಮ್ಮ ಹೊಲವನ್ನಷ್ಟೇ ನೆನೆಯುತ್ತಾರೆ. ಊರೆಲ್ಲ ನಮ್ಮ ಹೊಲಕ್ಕೆ ಬರುತ್ತದೆ ಎನ್ನುವ ಖುಷಿ. ನಮ್ಮ ಹೊಲ ಹದಕ್ಕೆ ಬಂದ ದಿನವೇ ಅವರು ಕರೆದರೆ ಏನು ಮಾಡುವುದು ಎಂದು ಆಗ ಯಾರೂ ಯೋಚಿಸುವುದಿಲ್ಲ.

ಎಲ್ಲರೂ ಓಡಿ ಬರುತ್ತಾರೆ ಎಂದಿರಲ್ಲ, ಆ ಮಾತು ಇರುವುದು ನ್ಯಾಟೋದ 5ನೇ ಕಲಮಿನಲ್ಲಿ. ಅದು ಇಲ್ಲಿಯವರೆಗೆ ಜಾರಿಯಾಗಿದ್ದು ಒಂದೇ ಸಲ. 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನ, ಅಮೆರಿಕಕ್ಕಾಗಿ. ಚಿಕ್ಕ ದೇಶಗಳನ್ನು ದೊಡ್ಡಣ್ಣ ಕಾಯಲಿ ಎಂದು ಬರೆದುಕೊಂಡಿದ್ದ ಮಾತು ಕೊನೆಗೆ ಬಳಕೆಗೆ ಬಂದಿದ್ದು ದೊಡ್ಡಣ್ಣನ ಸಲುವಾಗಿಯೇ. ಡೆನ್ಮಾರ್ಕ್, ಎಸ್ಟೋನಿಯಾದಂಥ ಪುಟ್ಟ ದೇಶಗಳ ಹುಡುಗರು ಅಫ್ಘಾನಿಸ್ತಾನದ ಬೆಟ್ಟಗಳಲ್ಲಿ ಸತ್ತರು. ಅದು ಮುಯ್ಯಿ ತೀರಿಸಿದ್ದು. ಅವರನ್ನು ನಾನು ಗೌರವದಿಂದ ನೆನೆಯುತ್ತೇನೆ.

ಇನ್ನು ಆ ಕಲಮಿನ ಪದಗಳನ್ನೇ ಓದಿ ನೋಡಿ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುತ್ತದೆ. ಆದರೆ ಆಮೇಲೆ ಪ್ರತಿ ದೇಶವೂ ತನಗೆ ಅಗತ್ಯ ಎನಿಸಿದ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ಸೈನ್ಯ ಕಳಿಸುವುದೂ ಅದರಲ್ಲಿ ಬರಬಹುದು, ಕಳಿಸಲೇಬೇಕು ಎಂದೇನಿಲ್ಲ. 6ನೇ ಕಲಮು ಜಾಗಕ್ಕೂ ಗೆರೆ ಹಾಕಿದೆ. 1982ರಲ್ಲಿ ಬ್ರಿಟನ್ನಿನ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಅರ್ಜೆಂಟೀನಾ ನುಗ್ಗಿದಾಗ ನ್ಯಾಟೋ ಯುದ್ಧಕ್ಕೆ ಇಳಿಯಲಿಲ್ಲ. ಆ ದ್ವೀಪಗಳು ಗೆರೆಯಿಂದ ಆಚೆ ಇದ್ದವು.

ನಮ್ಮ ಪಕ್ಕದಲ್ಲೇ ಇನ್ನೂ ಒಳ್ಳೆಯ ಉದಾಹರಣೆ ಇದೆ. ಪಾಕಿಸ್ತಾನ 1954ರಲ್ಲಿ ಸೀಟೋ ಎಂಬ ಆಗ್ನೇಯ ಏಷ್ಯಾದ ಮಿಲಿಟರಿ ಕೂಟಕ್ಕೆ ಸಹಿ ಹಾಕಿತು. 1955ರಲ್ಲಿ ಬಾಗ್ದಾದ್ ಒಪ್ಪಂದಕ್ಕೂ ಸೇರಿತು, ಆಮೇಲೆ ಅದೇ ಸೆಂಟೋ ಆಯಿತು. ಎರಡೆರಡು ಕೂಟ! ಅದರಿಂದ ಅಮೆರಿಕದ ಪ್ಯಾಟನ್ ಟ್ಯಾಂಕು, ಸೇಬರ್ ಜೆಟ್ಟುಗಳು ಸಿಕ್ಕಿದ್ದು ನಿಜ, ಅದು ಸಣ್ಣ ಲಾಭವೇನಲ್ಲ. ಆದರೆ 1965ರಲ್ಲಿ, 1971ರಲ್ಲಿ ಕೂಟದವರು ಯಾರೂ ಅದರ ಪರವಾಗಿ ಯುದ್ಧಕ್ಕೆ ಇಳಿಯಲಿಲ್ಲ. ಸೀಟೋಗೆ ಸಹಿ ಹಾಕುವಾಗಲೇ ಅಮೆರಿಕ ತನ್ನ ಮಾತು ಕಮ್ಯುನಿಸ್ಟ್ ದಾಳಿಗೆ ಮಾತ್ರ ಎಂದು ಬರೆದಿಟ್ಟಿತ್ತು. 1971ರಲ್ಲಿ ಅಮೆರಿಕ ತನ್ನ ಎಂಟರ್‌ಪ್ರೈಸ್ ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿತೇ ಹೊರತು ಪಾಕಿಸ್ತಾನದ ಕೈಯಲ್ಲಿ ಢಾಕಾ ಉಳಿಯಲಿಲ್ಲ.

ಹಾಗಂತ ನಾವೇನು ಯಾರ ಹಂಗೂ ಇಲ್ಲದೆ ಬದುಕಿದೆವು ಎಂದು ಹೇಳಿದರೆ ತಪ್ಪಾಗುತ್ತದೆ. 1962ರ ನವೆಂಬರ್‌ನಲ್ಲಿ ಚೀನಾ ಒತ್ತಿಕೊಂಡು ಬಂದಾಗ ನೆಹರೂ ಅವರೇ ಅಮೆರಿಕದ ಅಧ್ಯಕ್ಷ ಕೆನಡಿಗೆ ಪತ್ರ ಬರೆದು ವಿಮಾನಪಡೆಯ ನೆರವು ಕೇಳಿದ್ದರು. 1971ರ ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ 20 ವರ್ಷದ ಒಪ್ಪಂದ ಮಾಡಿಕೊಂಡೆವು. ಅದರ 9ನೇ ಕಲಮು, ಒಬ್ಬರಿಗೆ ದಾಳಿಯ ಬೆದರಿಕೆ ಬಂದರೆ ಇಬ್ಬರೂ ಕೂಡಲೇ ಸಮಾಲೋಚನೆ ಮಾಡಬೇಕು ಎನ್ನುತ್ತದೆ. ಹೇಗೆ ಬರೆದಿದ್ದಾರೆ ನೋಡಿ. ಬಾಗಿಲು ತೆರೆದಿಟ್ಟರು, ಮುಯ್ಯಿಯ ಲೆಕ್ಕ ಬರೆಯಲಿಲ್ಲ. ನನಗೆ ತುಂಬಾ ಮೆಚ್ಚುಗೆಯಾಗುವ ಒಪ್ಪಂದ ಅದು.

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಏಳು ಸುತ್ತಿನ ಕಥೆ, ಓಬವ್ವನ ಕಿಂಡಿಯ ಕಥೆ ಗೊತ್ತಿರುತ್ತದೆ. ಕಡೆಯ ಮದಕರಿ ನಾಯಕನ ಮುಯ್ಯಿಯ ಕಥೆ ಅಷ್ಟು ಗೊತ್ತಿರುವುದಿಲ್ಲ. ಒಂದು ಕಡೆ ಮರಾಠರು, ಇನ್ನೊಂದು ಕಡೆ ನಿಜಾಮ, ದಕ್ಷಿಣಕ್ಕೆ ಹೈದರಾಲಿ. ನಡುವೆ ಈ ಕಲ್ಲಿನ ಕೋಟೆ. ಮದಕರಿ ಮೊದಮೊದಲು ಹೈದರನ ಜೊತೆ ನಿಂತು ಅವನ ಯುದ್ಧಗಳಿಗೆ ಹೋದ. 1777ರಲ್ಲಿ ಮರಾಠರೂ ನಿಜಾಮನೂ ಸೇರಿ ಹೈದರನ ಮೇಲೆ ಬಂದಾಗ ಅವನ ಪರವಾಗಿ ನಿಲ್ಲಲಿಲ್ಲ. ಹೈದರ್ ಅದನ್ನು ಮರೆಯಲಿಲ್ಲ. ಮುತ್ತಿಗೆ ಮೇಲೆ ಮುತ್ತಿಗೆ ಹಾಕಿ 1779ರಲ್ಲಿ ಕೋಟೆ ಹಿಡಿದ. ನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ದೊಡ್ಡವರ ನಡುವೆ ಸಿಕ್ಕಿಕೊಂಡ ಚಿಕ್ಕವನಿಗೆ ಸೇರಿದರೂ ಕಷ್ಟ, ಬಿಟ್ಟರೂ ಕಷ್ಟ. ಅದಕ್ಕೇ ರಷ್ಯಾದ ಗಡಿಗೆ ಅಂಟಿಕೊಂಡಿರುವ ಎಸ್ಟೋನಿಯಾ, ಫಿನ್‌ಲೆಂಡ್ ನ್ಯಾಟೋಗೆ ಸೇರಿದ್ದನ್ನು ನಾನು ತಪ್ಪು ಎನ್ನುವುದಿಲ್ಲ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಸೇರಿ ಎನ್ನುತ್ತಿದ್ದೆ.

ಭಾರತದ ಅಳತೆ ಬೇರೆ. 140 ಕೋಟಿ ಜನ, ಸ್ವಂತ ಅಣುಬಾಂಬು, ಎರಡು ಕಡೆ ಅಣುಬಾಂಬಿರುವ ನೆರೆಯವರು. 2020ರ ಜೂನ್ 15ರ ರಾತ್ರಿ ಚೀನಾ ಗಡಿಯ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಸತ್ತರು. ಅಂಥ ಚಳಿಯ ಎತ್ತರದ ಗಡಿಗೆ ನಮಗಾಗಿ ಬಂದು ನಿಲ್ಲುವ ದೇಶ ಯಾವುದು? ಯಾರಾದರೂ ಸಹಿ ಹಾಕಿಕೊಡಬಹುದು. ಬರುತ್ತಾರೆ ಎಂದು ನನಗೆ ನಂಬಿಕೆ ಇಲ್ಲ. ಆದರೆ ಅವರು ಕರೆದಾಗ ನಾವು ಹೋಗಲೇಬೇಕಾಗುತ್ತದೆ. 2003ರಲ್ಲಿ ಇರಾಕಿಗೆ ಸೈನ್ಯ ಕಳಿಸಿ ಎಂದು ಅಮೆರಿಕ ಕೇಳಿತ್ತು. ವಾಜಪೇಯಿ ಸರ್ಕಾರ ಆಗುವುದಿಲ್ಲ ಎಂದಿತು. ಕೂಟದಲ್ಲಿದ್ದರೆ ಹಾಗೆ ಹೇಳುವುದು ಎಷ್ಟು ಕಷ್ಟವಾಗುತ್ತಿತ್ತು ಯೋಚಿಸಿ.

ಶಸ್ತ್ರ ಕೊಳ್ಳುವುದರಲ್ಲೂ ಹೀಗೇ. ಟರ್ಕಿ ನ್ಯಾಟೋ ದೇಶ. ಅದು ರಷ್ಯಾದಿಂದ ಎಸ್-400 ಎಂಬ ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆ ತೆಗೆದುಕೊಂಡಿತು ಎಂದು 2019ರಲ್ಲಿ ಅಮೆರಿಕ ಅದನ್ನು ಎಫ್-35 ವಿಮಾನದ ಯೋಜನೆಯಿಂದ ಹೊರಗೆ ಹಾಕಿತು. ನಾವು 2018ರಲ್ಲಿ ಅದೇ ಎಸ್-400ಕ್ಕೆ ಸಹಿ ಹಾಕಿದೆವು, ಅಮೆರಿಕದ ವಿಮಾನ, ಹೆಲಿಕಾಪ್ಟರ್‌ಗಳನ್ನೂ ತೆಗೆದುಕೊಳ್ಳುತ್ತಲೇ ಇದ್ದೇವೆ. 2025ರ ಮೇ ತಿಂಗಳಲ್ಲಿ ರಷ್ಯಾದ ಎಸ್-400, ಫ್ರಾನ್ಸಿನ ರಫೇಲ್, ಇಸ್ರೇಲಿನ ಡ್ರೋನ್, ರಷ್ಯಾ ಜೊತೆ ಸೇರಿ ಮಾಡಿದ ಬ್ರಹ್ಮೋಸ್ ಕ್ಷಿಪಣಿ, ನಮ್ಮದೇ ಆಕಾಶ್ ಕ್ಷಿಪಣಿ ಎಲ್ಲ ಒಟ್ಟಿಗೆ ಕೆಲಸಕ್ಕೆ ಬಂದವು. ಒಂದೇ ಕೂಟದಲ್ಲಿರುವ ದೇಶಕ್ಕೆ ಇದು ಸಾಧ್ಯವಾಗುವುದು ಕಷ್ಟ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಕೂಟಕ್ಕೆ ಸೇರದೆ ಇರುವುದಕ್ಕೂ ಬೆಲೆ ಇದೆ. ಅಂಗಡಿ ಜಾಸ್ತಿ ಇದ್ದರೂ ಸರಕು ಹೊತ್ತಿಗೆ ಬರುವುದಿಲ್ಲ. ಉಕ್ರೇನ್ ಯುದ್ಧ ಶುರುವಾಗಿ ಎಸ್-400 ಬರುವುದು ತಡವಾಯಿತು. ತೇಜಸ್ ಮಾರ್ಕ್-1ಎ ವಿಮಾನಕ್ಕೆ 2021ರಲ್ಲಿ ಅಮೆರಿಕದಿಂದ 99 ಎಂಜಿನ್ ತರಿಸಲು ಒಪ್ಪಂದ ಆಯಿತು, ಮೊದಲನೆಯದು ಬಂದಿದ್ದು 2025ರ ಮಾರ್ಚ್‌ನಲ್ಲಿ. ಯಾರೂ ಬರುವುದಿಲ್ಲ ಅಂದಮೇಲೆ ಎಲ್ಲವನ್ನೂ ನಾವೇ ಮಾಡಿಕೊಳ್ಳಬೇಕು. ಮಾಡಿಕೊಳ್ಳಲು ಜಾಗ ಬೇಕು, ವರ್ಷಗಳು ಬೇಕು, ಸೋಲನ್ನು ತಡೆದುಕೊಳ್ಳುವ ತಾಳ್ಮೆ ಬೇಕು.

ಇದನ್ನು ನಾನು ಮನೆಯ ಹಿತ್ತಲಿನಿಂದಲೇ ನೋಡಿದ್ದೇನೆ. ಚಳ್ಳಕೆರೆ ಹತ್ತಿರ 4,000 ಎಕರೆಗೂ ಹೆಚ್ಚು ಜಾಗದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ಪರೀಕ್ಷಾ ವಲಯ ಇದೆ, 2017ರ ಮೇ 28ರಂದು ಉದ್ಘಾಟನೆಯಾಯಿತು. 2022ರ ಜುಲೈ 1ರಂದು ಬಾಲವಿಲ್ಲದ, ಪೈಲಟ್ ಇಲ್ಲದ ಪುಟ್ಟ ವಿಮಾನವೊಂದು ಅಲ್ಲಿಂದ ಮೇಲೆದ್ದು ತಾನೇ ಇಳಿಯಿತು. ಇಸ್ರೋದ ಮರುಬಳಕೆಯ ಬಾಹ್ಯಾಕಾಶ ವಾಹನ ಪುಷ್ಪಕ್ ಪರೀಕ್ಷೆಯಲ್ಲಿ ಇಳಿದಿದ್ದೂ ಅಲ್ಲೇ. ಅದೇ ಜಾಗದಿಂದ ತಪಸ್ ಡ್ರೋನನ್ನೂ ವರ್ಷಗಟ್ಟಲೆ ಹಾರಿಸಿದರು. 2023ರ ಆಗಸ್ಟ್‌ನಲ್ಲಿ ಒಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿತ್ತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಸೇನೆ ಕೇಳಿದಷ್ಟು ಎತ್ತರ, ಅಷ್ಟು ಹೊತ್ತು ಹಾರಲು ತಪಸ್‌ಗೆ ಆಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ಕೊಳ್ಳಲು ಸಹಿ ಬಿತ್ತು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿಯೂ ಬೇಸರವಾಯಿತು. ಆದರೂ ಪ್ರಯತ್ನ ಬಿಡಬಾರದು. ಈಗಿನ ಯುದ್ಧ ಡ್ರೋನಿನದ್ದೇ. 2025ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಅಗ್ಗದ ಡ್ರೋನುಗಳು ಪೋಲೆಂಡಿಗೆ ನುಗ್ಗಿದವು. ಅವನ್ನು ಹೊಡೆಯಲು ನ್ಯಾಟೋ ಎಫ್-35 ವಿಮಾನ ಕಳಿಸಬೇಕಾಯಿತು. ಪೋಲೆಂಡ್ ಕೇಳಿದ್ದು 4ನೇ ಕಲಮಿನ ಪ್ರಕಾರ ಸಮಾಲೋಚನೆ, 5ನೇ ಕಲಮಲ್ಲ. ಸೊಳ್ಳೆಗೆ ಕೋವಿ ಹಿಡಿಯುವ ಈ ತೊಂದರೆಗೆ ಯಾವ ಕೂಟದಲ್ಲೂ ಇನ್ನೂ ಪೂರ್ತಿ ಉತ್ತರ ಇಲ್ಲ.

ಇಷ್ಟಕ್ಕೆಲ್ಲ ಜಾಗ ಎಲ್ಲಿಂದ ಬಂತು? ಅಮೃತ ಮಹಲ್ ಕಾವಲಿನಿಂದ, ಅಂದರೆ ಆ ತಳಿಯ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲಿನಿಂದ. ಅದೂ ಒಂದು ಕಾಲದ ಸೈನ್ಯದ ಜಾಗವೇ. ಮೈಸೂರು ಸಂಸ್ಥಾನದ ದನ ಸಾಕುವ ಇಲಾಖೆಯಾದ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂದು ಹೆಸರಿಟ್ಟಿದ್ದು ಟಿಪ್ಪು. ಫಿರಂಗಿ ಎಳೆಯುವ ಎತ್ತುಗಳು ಈ ಹುಲ್ಲು ತಿಂದೇ ಬೆಳೆದವು. 1799ರ ನಂತರ ಬ್ರಿಟಿಷರೂ ಆ ತಳಿಯನ್ನು ಬಿಡಲಿಲ್ಲ. ಆದರೆ ಎತ್ತಿನ ಕಾವಲಿನಲ್ಲಿ ನಮ್ಮ ಹಳ್ಳಿಗಳ ಕುರಿಯೂ ಮೇಯುತ್ತಿದ್ದವು. ಅವುಗಳ ಉಣ್ಣೆಯಿಂದಲೇ ಚಳ್ಳಕೆರೆ ಕಂಬಳಿ. ಹಲವು ಸಂಸ್ಥೆಗಳಿಗೆ ಒಟ್ಟು ಸುಮಾರು 10,000 ಎಕರೆ ಹೋಯಿತು, ಗೋಡೆಗಳು ಎದ್ದವು, ಜನ ಹಸಿರು ನ್ಯಾಯಮಂಡಳಿಯವರೆಗೂ ಹೋದರು. ನಮ್ಮ ಚಿಕ್ಕಪ್ಪ ಕುರಿ ಮಾರಿದ್ದು ಆಗಲೇ. ಮಂದೆ ಹೊಡೆದುಕೊಂಡು ಹೋಗುತ್ತಿದ್ದ ದಾರಿಗೆ ಗೋಡೆ ಅಡ್ಡ ಬಂತು.

ದೇಶ ಯಾರ ಮುಯ್ಯಿಗೂ ಕಟ್ಟುಬೀಳದೆ ಇರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಹಾಗೆ ಬಯಸುವ ನಾವು ಅದರ ಖರ್ಚನ್ನು ಲೆಕ್ಕ ಹಾಕುವಾಗ ಕುರಿಗಾಹಿಯ ಹುಲ್ಲನ್ನೂ ಸೇರಿಸಬೇಕು. 2025-26ರ ರಕ್ಷಣಾ ಬಜೆಟ್ಟು 6.81 ಲಕ್ಷ ಕೋಟಿ ರೂಪಾಯಿ. ಅಷ್ಟು ಖರ್ಚು ಮಾಡುವ ದೇಶಕ್ಕೆ ಗೋಡೆಯೊಳಗೆ ಕಟ್ಟಡವಿಲ್ಲದೆ ಬಿದ್ದಿರುವ ಹುಲ್ಲಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಮೇವಿಗೆ ಬಿಡುವುದು, ಮಂದೆಗೆ ಒಂದು ದಾರಿ ಕೊಡುವುದು ದೊಡ್ಡ ಮಾತಲ್ಲ. ಡ್ರೋನ್ ಹಾರದ ದಿನಗಳಲ್ಲಾದರೂ ಗೇಟು ತೆಗೆಯಲಿ ಎಂದು ಚಿಕ್ಕಪ್ಪ ಈಗಲೂ ಕೇಳುತ್ತಾರೆ.